ನೀರಿನ ಈಚೆ ಕಡೆ

ಮೊದಲು ನೋವು ಬಂದದ್ದು ಮೀನಖಂಡಕ್ಕೆ. ದೂರ ದೂರ ಸೈಕಲ್ ತುಳಿಯುವವರಿಗೆ ಮೀನಖಂಡ ನೋಯುವುದು ಈರುಳ್ಳಿ ಹೆಚ್ಚುವವರಿಗೆ ಕಣ್ಣು ಉರಿದ ಹಾಗೆ. ಅದಕ್ಕಾಗಿ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ನಾನೂ ಓಡಲಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೊಂಡೆ, ಎರಡು ಬಾಳೆಹಣ್ಣು ತಿಂದೆ, ನಮ್ಮ ಸೈಕಲ್ ಬಳಗದ ವಾಟ್ಸಾಪ್ ಗುಂಪಿನಲ್ಲಿ ‘ಕಾಲು ಹಿಡಿದಿದೆ’ ಎಂದು ಹಾಕಿದೆ. ಹನ್ನೊಂದು ಜನ ಹನ್ನೊಂದು ಉಪಾಯ ಹೇಳಿದರು. ಒಬ್ಬರಿಗೂ ಅದು ಕಾಯಿಲೆ ಎಂದು ಹೊಳೆಯಲಿಲ್ಲ. ನನಗೇ ಹೊಳೆಯಲಿಲ್ಲ, ಅವರನ್ನೇನು ಅನ್ನುವುದು.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಒಂದು ಮಾತು ಹೇಳುವುದಕ್ಕೆ. ಮಳೆಯಲ್ಲಿ ಸೈಕಲ್ ಹೊಡೆದು ಬಂದ ವಾರ ಹತ್ತು ದಿನಕ್ಕೆ ಕಾಲು ನೋಯತೊಡಗಿ, ಜ್ವರವೂ ಬಂದರೆ, ನೀರಿಗೆ ಇಳಿದದ್ದನ್ನು ಡಾಕ್ಟರಿಗೆ ಹೇಳಿ. ಪಕ್ಕದಲ್ಲಿ ಗಂಡ ಕೂತಿದ್ದರೂ ಹೇಳಿ. ನಾನು ಎರಡು ಸಲ ಹೇಳದೆ ಬಿಟ್ಟೆ.

ನನ್ನ ಹೆಸರು ಗಿರಿಜಾ. ತವರು ಬಾಗಲಕೋಟೆ ಕಡೆ, ಗಂಡನ ಮನೆ ಗದಗ, ಇಪ್ಪತ್ತೆರಡು ವರ್ಷದಿಂದ ಇರುವುದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಬಾಲಾನಗರದ ಒಂದು ಎಂಜಿನಿಯರಿಂಗ್ ವರ್ಕ್ಸಿನಲ್ಲಿ, ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಹೇಳುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ತೆಗೆದು ಕೆಂಪು ಡಬ್ಬಿಗೆ ಹಾಕುತ್ತೇನೆ, ಅದಕ್ಕೇ ಅಲ್ಲಿನ ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಗಂಡ ಬಸವರಾಜ ಗೂಡ್ಸ್ ಗಾಡಿಯ ಗಾರ್ಡ್. ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಲವತ್ತೆರಡನೇ ವಯಸ್ಸಿಗೆ ನಾನು ಸೈಕಲ್ ಹಿಡಿದಾಗ ಅತ್ತೆ ಅಂದದ್ದು ಇಷ್ಟೇ: “ಇಕಿ ಕಾಲಿಗೆ ಚಕ್ರ ಮೊದಲ ಇತ್ತು. ಈಗ ಕಣ್ಣಿಗೆ ಕಾಣಾಕತ್ತೇತಿ, ಅಷ್ಟ.”

ನಮ್ಮ ಬಳಗದ ಸವಾರಿಗಳು ಪಂದ್ಯಗಳಲ್ಲ. ಇನ್ನೂರು ಕಿಲೋಮೀಟರು, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಎಲ್ಲರ ಕೈಯಲ್ಲೂ ಒಂದೊಂದು ಕಾರ್ಡು. ದಾರಿಯಲ್ಲಿ ಗೊತ್ತುಮಾಡಿದ ಕಡೆ ಅದಕ್ಕೆ ಸೀಲು ಬೀಳಬೇಕು. ನಡುವೆ ಟೈರು ಹೋಗಲಿ, ಊಟ ತಪ್ಪಲಿ, ಯಾರೂ ಕೈ ಹಚ್ಚುವಂತಿಲ್ಲ. ನಿನ್ನದು ನೀನೇ ನೋಡಿಕೊಳ್ಳಬೇಕು. ಒಂದು ಸೀಲು ತಪ್ಪಿದರೂ ಇಡೀ ದಿನದ ತುಳಿತ ಲೆಕ್ಕಕ್ಕಿಲ್ಲ. ಹೊರಗಿನವರಿಗೆ ಇದು ಹುಚ್ಚು. ಒಳಗಿನವರಿಗೆ ಆ ಸೀಲು ಸಣ್ಣ ಮಕ್ಕಳ ಕೈಗೆ ಟೀಚರು ಹಾಕುವ ನಕ್ಷತ್ರ. ನಾನು ಅದಕ್ಕಾಗಿ ಏನು ಬೇಕಾದರೂ ಮಾಡುತ್ತಿದ್ದೆ ಎಂಬುದು ಈಗ ಗೊತ್ತಾಗಿದೆ.

ಪ್ರತಿ ಸವಾರಿಗೂ ಬಳಗದಲ್ಲೊಬ್ಬರು ಇನ್‌ಚಾರ್ಜ್ ಆಗುತ್ತಾರೆ. ಹೋದ ವರ್ಷ ಶ್ರಾವಣದ ಸವಾರಿಗೆ ನಾನೇ ಇನ್‌ಚಾರ್ಜ್. ಉಪ್ಪಲ್‌ನಿಂದ ಹೊರಟು ಭುವನಗಿರಿ, ಆಲೇರು, ಜನಗಾಂವ್ ದಾಟಿ ಹೋಗಿ ಮರಳಿ ಉಪ್ಪಲ್. ಶನಿವಾರ ದಿನವಿಡೀ ಮಳೆ. ಬಳಗದ ಮುಖ್ಯಸ್ಥರು ವೆಂಕಟ್ ಸರ್ ಫೋನ್ ಮಾಡಿ, “ಏನು ಮಾಡೋಣಮ್ಮಾ, ಮುಂದಕ್ಕೆ ಹಾಕೋಣವಾ?” ಎಂದು ಕೇಳಿದರು. ಮುಂದಕ್ಕೆ ಹಾಕಿದರೆ ಜನ ನನ್ನನ್ನು ಅಂಜುಬುರುಕಿ ಅಂದಾರು ಎನ್ನಿಸಿತು. ಗುಂಪಿಗೆ ತೆಲುಗಿನಲ್ಲಿ ಒಂದು ಸಂದೇಶ ಹಾಕಿದೆ: ‘ಸವಾರಿ ನಡೆಯುತ್ತದೆ. ಮಳೆಗೆ ಕರಗುವುದಕ್ಕೆ ನಾವೇನು ಬೆಲ್ಲವೇ?’ ಎಲ್ಲರೂ ಹೆಬ್ಬೆರಳು ಎತ್ತಿದರು.

ಭಾನುವಾರ ಬೆಳಿಗ್ಗೆ ನಾನು ಷೂ ಕಟ್ಟಿಕೊಳ್ಳುವಾಗ ಇವರು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ನೋಡು, ನಮ್ಮಲ್ಲಿ ಹಳಿ ಮ್ಯಾಲ ನೀರು ಬಂತಂದ್ರ ಗಾಡಿ ನಿಲ್ಲಸ್ತಾರ. ಎಂಥಾ ಮೇಲ್ ಗಾಡಿ ಇರ್ಲಿ, ನಿಲ್ಲಸ್ತಾರ. ಮಳಿಗಾಲದಾಗ ಡ್ರೈವರಗ, ನನಗ, ಇಬ್ರಿಗೂ ಕಾಷನ್ ಆರ್ಡರ್ ಅಂತ ಚೀಟಿ ಕೊಡ್ತಾರ. ಎಲ್ಲಿ ನೀರು, ಎಲ್ಲಿ ಮೆಲ್ಲಕ ಹೋಗಬೇಕು, ಎಲ್ಲಾ ಬರದಿರ್ತೈತಿ. ಸಹಿ ಮಾಡೇ ಹೊಂಡತೀವಿ. ನಿಮಗ ಯಾರು ಕೊಡ್ತಾರ?”

“ನಾನ ಇನ್‌ಚಾರ್ಜ್ ಅದೀನ್ರಿ.”

“ಅದಕ್ಕ ಕೇಳಾಕತ್ತೀನಿ. ನೀರು ಕಂಡ್ರ ಇಳೀಬ್ಯಾಡ. ಹೊಳ್ಳಿ ಬಾ.”

“ಆತ್ರಿ. ಹೊಳ್ಳಿ ಬರ್ತೀನಿ.”

ಉಪ್ಪಲ್‌ನಲ್ಲಿ ಹತ್ತೊಂಬತ್ತು ಜನ ಬಂದಿದ್ದರು. ಕೊಡೆಯ ಕೆಳಗೆ ಹಿಡಿದು ಎಲ್ಲರಿಂದ ‘ಏನಾದರೂ ಆದರೆ ಹೊಣೆ ನನ್ನದೇ’ ಎಂಬ ಫಾರ್ಮಿಗೆ ಸಹಿ ಮಾಡಿಸಿದೆ. ಮಳೆಹನಿ ಬಿದ್ದು ಕೆಲವರ ಸಹಿ ಹರಡಿಕೊಂಡಿತು. ನಾನೇನೂ ಬೇಜವಾಬ್ದಾರಿ ಹೆಂಗಸಲ್ಲ. ಒಬ್ಬೊಬ್ಬರ ಬ್ರೇಕು, ದೀಪ, ಹೆಲ್ಮೆಟ್ಟು, ಹೊಳೆಯುವ ಜಾಕೀಟು ನೋಡಿದೆ. ರಸ್ತೆಯ ಬಿಳಿ ಪಟ್ಟೆಯ ಮೇಲೆ ಹೋಗಬೇಡಿ, ಒದ್ದೆಯಾದರೆ ಜಾರುತ್ತದೆ ಎಂದೆ. ನಿಂತ ನೀರಿನೊಳಗೆ ಸೈಕಲ್ ನುಗ್ಗಿಸಬೇಡಿ, ಕೆಳಗೆ ಗುಂಡಿಯೋ ಮ್ಯಾನ್‌ಹೋಲೋ ಯಾರಿಗೆ ಗೊತ್ತು ಎಂದೆ. ಇದೆಲ್ಲ ನನ್ನ ಬಾಯಿಂದಲೇ ಬಂದ ಮಾತು.

ಅಂದು ನನ್ನ ಹಿಂದೆಯೇ ಬರುತ್ತಿದ್ದವಳು ಸುನೀತಾ. ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳೆ, ಮೂವತ್ತೊಂದು ವರ್ಷ, ತೆಲುಗಿನವಳು. ಅವಳಿಗೆ ಅದು ಮೊದಲ ಇನ್ನೂರು. ನಾನೇ ಹುರಿದುಂಬಿಸಿ ಕರೆತಂದಿದ್ದೆ. ಅಕ್ಕಾ ಅಕ್ಕಾ ಎನ್ನುತ್ತ ನನ್ನ ಹಿಂಗಾಲಿಯಿಂದ ಎರಡು ಮಾರು ಬಿಡದೆ ಬರುತ್ತಿದ್ದಳು.

ಹೆದ್ದಾರಿಯಲ್ಲಿ ಲಾರಿಗಳು ಎರಚುವ ಕೆಸರು ನೀರಿಗೆ ಮುಂದಿನದು ಕಾಣುತ್ತಿರಲಿಲ್ಲ. ಆಲೇರಿನ ಹತ್ತಿರ ನಮ್ಮವರೊಬ್ಬರು ಬಿಳಿ ಪಟ್ಟೆಯ ಮೇಲೆ ಜಾರಿ ಬಿದ್ದರು; ಹಿಂದಿನ ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದರು. ಅಲ್ಲೇ ವೆಂಕಟ್ ಸರ್‌ಗೆ ಫೋನ್ ಮಾಡಿ, ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆ ಹಿಡಿಯುತ್ತೇವೆ, ಮುಂದಿನ ಸೀಲು ಆ ದಾರಿಯ ಹಳ್ಳಿಯ ಚಹಾ ಹೋಟೆಲಿನಲ್ಲಿ ಹಾಕಿಸಿ ಎಂದೆ. “ಸ್ಥಳದಲ್ಲಿರುವವರು ನೀವು, ನೀವೇ ನಿರ್ಧಾರ ಮಾಡಿ,” ಎಂದರು. ಲಾರಿಯಿಂದ ಜನರನ್ನು ಉಳಿಸಬೇಕೆಂದೇ ನಾನು ಆ ದಾರಿ ಹಿಡಿದದ್ದು. ಇದನ್ನು ನನ್ನ ತಪ್ಪು ಸಣ್ಣದು ಮಾಡಲಿಕ್ಕೆ ಹೇಳುತ್ತಿಲ್ಲ, ನಡೆದದ್ದು ಹಾಗೆ.

ಹಳ್ಳಿ ಇನ್ನು ಒಂದು ಕಿಲೋಮೀಟರು ಇರುವಾಗ ಒಂದು ಹಳ್ಳ. ಅದರ ತಗ್ಗು ಸೇತುವೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಬಣ್ಣ ಹಾಲು ಕಡಿಮೆ ಹಾಕಿದ ಚಹಾದ್ದು. ಬದಿಯಲ್ಲಿ ನಾಲ್ಕು ಎಮ್ಮೆ ಕೊರಳವರೆಗೆ ಮುಳುಗಿ ಕೂತಿದ್ದವು. ಹನ್ನೊಂದು ಜನ ಹಿಂದೆ ಉಳಿದಿದ್ದರು, ಅವರು ಆಮೇಲೆ ನೀರು ನೋಡಿ ಹೆದ್ದಾರಿಗೇ ಮರಳಿದರು. ದಂಡೆಯಲ್ಲಿ ನಿಂತವರು ನಾವು ಎಂಟು ಜನ. ಆಚೆ ದಂಡೆಯಿಂದ ಹೋಟೆಲಿನ ಹೊಗೆ ಕಾಣುತ್ತಿತ್ತು. ನಾನು ಗಡಿಯಾರ ನೋಡಿದೆ. ಮರಳಿ ಹೆದ್ದಾರಿಗೆ ಹೋದರೆ ಮುಕ್ಕಾಲು ಗಂಟೆ ಕೈತಪ್ಪುತ್ತಿತ್ತು.

ಸುನೀತಾ ನೀರು ನೋಡಿ, “ವದ್ದಕ್ಕಾ,” ಎಂದಳು. ಬೇಡ ಅಕ್ಕಾ ಎಂದು.

“ಕೈ ಕೊಡು,” ಎಂದೆ.

ಅವಳು ಕೊಟ್ಟಳು. ಒಂದು ಕೈಯಲ್ಲಿ ಅವಳನ್ನು ಹಿಡಿದು, ಹೆಗಲ ಮೇಲೆ ಸೈಕಲ್ ಹೊತ್ತು ಇಳಿದೆ. ನಡುನೀರಿನಲ್ಲಿ ಕಾಲು ಪಾಚಿಯ ಮೇಲೆ ಹೋಯಿತು. ಸೈಕಲ್ ಹೆಗಲಿಂದ ಜಾರಿ, ಪೆಡಲಿನ ಹತ್ತಿರದ ಹಲ್ಲುಚಕ್ರ ಮೊಣಕಾಲ ಕೆಳಗೆ ಕಚ್ಚಿತು. ಆಚೆ ದಂಡೆಯಲ್ಲಿ ನೋಡಿದರೆ ನಾಲ್ಕು ಹಲ್ಲಿನ ಗುರುತು, ರಕ್ತ. ಬಾಟಲಿಯ ನೀರು ಕುಡಿಯಲಿಕ್ಕೆ ಬೇಕಲ್ಲ ಎಂದು ಹಳ್ಳದ ನೀರಿನಿಂದಲೇ ಗಾಯ ತೊಳೆದು ಕರವಸ್ತ್ರ ಕಟ್ಟಿದೆ. ಎಂಟೂ ಜನರ ಕಾರ್ಡಿಗೆ ಸೀಲು ಬಿತ್ತು.

ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಇವರ ಫೋನ್ ಬಂತು.

“ಎಲ್ಲಿದ್ದಿ?”

“ಆಲೇರು ದಾಟೀವಿ.”

“ನೀರು ಗೀರು?”

“ಏನಿಲ್ರಿ. ರಸ್ತಾ ಒಣಗೇತಿ.”

ಒದ್ದೆ ಷೂ ಕಿಚ್ ಕಿಚ್ ಅನ್ನುತ್ತಿದ್ದಾಗ ಆಡಿದ ಮಾತು ಇದು. ಸಂಜೆ ಇಪ್ಪತ್ತು ನಿಮಿಷ ಉಳಿಸಿಕೊಂಡು ಸವಾರಿ ಮುಗಿಸಿದೆವು. ಮರುದಿನ ಅತ್ತೆ ಕಾಲಿನ ಗಾಯ ಕಂಡು ಕೇಳಿದರೆ, ಕೆಲಸದಲ್ಲಿ ಶೀಟಿನ ಅಂಚು ತಗುಲಿತು ಎಂದೆ. ಒಂದು ಸುಳ್ಳಿಗೆ ಇನ್ನೊಂದು ಆಸರೆ ಬೇಕಾಗುತ್ತದೆ.

ಎಂಟು ದಿನ ಬಿಟ್ಟು ಮೀನಖಂಡ ನೋಯಲು ಹತ್ತಿತು. ಮರುದಿನ ಚಳಿಜ್ವರ. ಕಣ್ಣು ಕೆಂಪಾದವು, ಗಾಳಿಗೆ ಇರಬೇಕು ಎಂದುಕೊಂಡೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಮಲಗಿದರೆ ನೋವು, ಎದ್ದರೆ ತಲೆಸುತ್ತು. ನನ್ನಂಥ ಒಂದು ಕಡೆ ಕೂರದವಳಿಗೆ ಮಲಗುವುದೇ ದೊಡ್ಡ ಶಿಕ್ಷೆ. ಹಾಸಿಗೆಯಲ್ಲೂ ಕಾಲು ಆಡಿಸುತ್ತಿದ್ದೆ.

ಗುರುವಾರ ಇವರು ನಮ್ಮ ಬೀದಿಯ ಕ್ಲಿನಿಕ್ಕಿಗೆ ಕರೆದೊಯ್ದರು. ಡೆಂಗಿಯ ಕಾಲ, ಕುರ್ಚಿಗಳೆಲ್ಲ ತುಂಬಿ ಜನ ಮೆಟ್ಟಿಲ ಮೇಲೆ ಕೂತಿದ್ದರು. ಡೆಂಗಿ ಇಲ್ಲ ಎಂದು ಬಂತು. ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಕಣ್ಣ ರೆಪ್ಪೆ ಎಳೆದು ನೋಡಿದರು, ಸೀರೆಯ ಮೇಲಿಂದಲೇ ಮೀನಖಂಡ ಒತ್ತಿದಾಗ ನಾನು ಚೀರಿದೆ.

“ನಿಂತ ನೀರಿನಲ್ಲೇನಾದರೂ ಓಡಾಡಿದ್ದೀರಾ? ಮನೆಯಲ್ಲಿ ಇಲಿ ಇವೆಯಾ?”

ನಾನು ಬಾಯಿ ತೆರೆಯುವ ಮೊದಲೇ ಇವರು ಹಿಂದಿಯಲ್ಲಿ ಉತ್ತರ ಕೊಟ್ಟರು. ಇಲ್ಲ ಸಾಹೇಬ್ರೇ, ಸೈಕಲ್ ಹೊಡೆಯುತ್ತಾಳೆ, ಆದರೆ ನೀರಿಗೆ ಇಳಿಯುವುದಿಲ್ಲ, ನನಗೆ ಮಾತು ಕೊಟ್ಟಿದ್ದಾಳೆ ಎಂದು. ಎಷ್ಟು ಸಲೀಸಾಗಿ, ಎಷ್ಟು ನಂಬಿಕೆಯಿಂದ ಹೇಳಿದರೆಂದರೆ, ನಾನು ಹೌದೆಂದು ತಲೆಯಾಡಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಗಾಯದ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಡಾಕ್ಟರು ಗಮನಿಸಲಿಲ್ಲ. ಜ್ವರದ ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದಮೇಲೆ ಅತ್ತೆಗೆ ಸಿಟ್ಟು ಬಂದದ್ದು ಒಂದೇ ವಿಷಯಕ್ಕೆ. “ನಮ್ಮನ್ಯಾಗ ಇಲಿ ಅದಾವೇನು ಅಂತ ಕೇಳ್ತಾನ ಅಂವಾ? ದಿನಾ ಎರಡ ಸಲ ನೆಲ ಒರಸ್ತೀನಿ ನಾ.”

ಶನಿವಾರ ಮುಂಜಾನೆ ಕಣ್ಣಿನ ಬಿಳಿ ಅರಿಶಿನವಾಗಿತ್ತು. ಮೂತ್ರ ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು. ಅತ್ತೆ ಕಾಮಾಲೆ ಎಂದರು, ಗದಗಿನ ಹತ್ತಿರ ಯಾರೋ ಸೊಪ್ಪಿನ ರಸ ಕೊಡುತ್ತಾರೆ, ಇವತ್ತಿನ ಗಾಡಿಗೇ ಹೋಗೋಣ ಎಂದು ಚೀಲ ತುಂಬತೊಡಗಿದರು. ಇವರು ಆ ಚೀಲವನ್ನೇ ಎತ್ತಿಕೊಂಡು ನನ್ನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಹಾಗಾಗಿ ಆಸ್ಪತ್ರೆಯಲ್ಲಿ ಚೀಲ ಬಿಚ್ಚಿದಾಗ ಸಿಕ್ಕಿದ್ದು ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅತ್ತೆಯ ಸೀರೆ.

ಅಲ್ಲಿ ಎಲ್ಲದಕ್ಕೂ ಟೋಕನ್. ಗೋಡೆಯ ಮೇಲೆ ಕೆಂಪಂಕಿ ಬದಲಾದಾಗೊಮ್ಮೆ ಇಡೀ ಹಾಲು ಕತ್ತೆತ್ತುತ್ತದೆ, ತನ್ನದಲ್ಲವೆಂದು ತಿಳಿದು ಮತ್ತೆ ಕೆಳಗಾಗುತ್ತದೆ. ನನ್ನ ಅಂಕಿ ಬರುವುದರೊಳಗೆ ಮೂರು ಸಲ ವಾಂತಿಯಾಯಿತು. ಕಿರಿಯ ಡಾಕ್ಟರೊಬ್ಬಳು ಕಾಗದ ಹಿಡಿದು ಬಂದು ಪಟಪಟ ಕೇಳಿದಳು. ಸಕ್ಕರೆ ಕಾಯಿಲೆ? ಇಲ್ಲ. ಬೀಪಿ? ಇಲ್ಲ. ಊರಿಗೆ ಹೋಗಿದ್ದಿರಾ? ಇಲ್ಲ. ನೀರಿನಲ್ಲಿ ನಡೆದಿದ್ದೀರಾ? ಇಲ್ಲ. ಮೂರು ‘ಇಲ್ಲ’ಗಳ ಹಿಂದೆ ನಾಲ್ಕನೆಯದು ತಾನಾಗಿಯೇ ಹೊರಬಿತ್ತು. ಇವರು ಪಕ್ಕದಲ್ಲೇ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಸಂಜೆ ದೊಡ್ಡ ಡಾಕ್ಟರು, ಕಿಡ್ನಿ ಕೆಲಸ ಮಾಡುತ್ತಿಲ್ಲ, ಹೀಗೇ ಆದರೆ ಡಯಾಲಿಸಿಸ್ ಬೇಕಾಗುತ್ತದೆ ಎಂದರು. ಇವರು ಆ ಮಾತಿಗೆ ಕುರ್ಚಿ ಹುಡುಕಿ ಕೂತರು. ಗೂಡ್ಸ್ ಗಾಡಿಯ ಕೊನೆಯಲ್ಲಿ ಒಬ್ಬರೇ ಹತ್ತು ಹನ್ನೆರಡು ತಾಸು ಕಳೆಯುವ ಮನುಷ್ಯ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ನನಗೆ ಭಯವಾಗಿತ್ತು. ಸಾಯುವ ಭಯ ಇದ್ದೇ ಇತ್ತು. ಅದಕ್ಕಿಂತ ಸಣ್ಣ, ನಾಚಿಕೆಗೇಡಿನ ಇನ್ನೊಂದು ಭಯವಿತ್ತು: ಹೇಳಿದರೆ ಸೈಕಲ್ ಹೋಗುತ್ತದೆ, ಇವರ ಕಣ್ಣಲ್ಲಿ ನನ್ನ ಮಾತಿನ ಬೆಲೆ ಹೋಗುತ್ತದೆ. ಡಾಕ್ಟರುಗಳು ಹೇಗೂ ಕಂಡುಹಿಡಿಯುತ್ತಾರೆ, ಅದಕ್ಕೇ ಅಲ್ಲವೇ ಅಷ್ಟು ಓದಿರುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಇವರು ಚಹಾ ತರಲು ಕೆಳಗೆ ಹೋದಾಗ ಫೋನ್ ನೋಡಿದೆ. ಸುನೀತಾಳ ಸಂದೇಶ. ‘ಅಕ್ಕಾ, ಮೂರು ದಿನದಿಂದ ಜ್ವರ. ಮೀನಖಂಡ ತುಂಬ ನೋಯುತ್ತಿದೆ, ನಿಮಗೂ ಹಾಗೇ ಆಗಿತ್ತಲ್ಲ. ಡಾಕ್ಟರು ವೈರಲ್ ಅಂದಿದ್ದಾರೆ. ನೀವು ದಿನಕ್ಕೆ ಎಷ್ಟು ಬಾಳೆಹಣ್ಣು ತಿಂದಿರಿ?’

ಅದನ್ನು ಎಷ್ಟು ಸಲ ಓದಿದೆನೋ. ಅವಳ ಒದ್ದೆ ಕೈ ನನ್ನ ಕೈಯಲ್ಲಿದ್ದದ್ದು ನೆನಪಾಯಿತು. ಅವಳ ಕೋಣೆಯಲ್ಲಿ ಅವಳೊಬ್ಬಳೇ ಬಾಳೆಹಣ್ಣು ಸುಲಿಯುತ್ತ ಕೂತಿರುವುದು ಕಣ್ಣಿಗೆ ಕಟ್ಟಿತು. ಇವರು ಚಹಾ ಹಿಡಿದು ಬಂದರು. ಲೋಟ ಕೆಳಗಿಡುವುದಕ್ಕೂ ಬಿಡದೆ ಹೇಳಿದೆ.

“ನಾ ನೀರಿಗೆ ಇಳಿದಿದ್ದೆ. ಮೊಣಕಾಲ ಮಟ ನೀರು. ಗಾಯ ಅಲ್ಲೇ ಆಗಿದ್ದು. ನಿಮಗ ಸುಳ್ಳು ಹೇಳೀನಿ.”

ಇವರು ನನ್ನ ಮುಖ ನೋಡಿದರು. ಬೈಗುಳಕ್ಕೆ ನಾನು ಕಾಯುತ್ತಿದ್ದೆ, ಬೈದರೆ ಹಗುರಾಗುತ್ತಿತ್ತು.

“ಎಷ್ಟು ಮಂದಿ ಇಳಿದಿದ್ರಿ?”

“ಎಂಟು.”

“ಉಳದವರ ನಂಬರ್ ಕೊಡು.”

ರೈಲ್ವೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಡುದಾರಿಯಲ್ಲಿ ಗಾಡಿಗೆ ಏನಾದರೂ ಆಗಿ ನಿಂತರೆ, ಗಾರ್ಡ್ ಆದವನು ಏನಾಯಿತು, ಯಾರ ತಪ್ಪು ಎಂದು ಕೇಳುತ್ತ ನಿಲ್ಲುವಂತಿಲ್ಲ. ಕೆಂಪು ಬಾವುಟ ಹಿಡಿದು ಹಿಂದಕ್ಕೆ ಓಡಬೇಕು, ಹಿಂದೆ ಬರುವ ಗಾಡಿಯನ್ನು ತಡೆಯಬೇಕು. ಅದಾದ ಮೇಲೆ ಉಳಿದದ್ದು. ಇವರು ಮೊದಲು ಕಿರಿಯ ಡಾಕ್ಟರನ್ನು ಕರೆದು ನನ್ನ ಎದುರೇ ಎಲ್ಲ ಹೇಳಿದರು. ಆಮೇಲೆ ವಾರ್ಡಿನ ಕಿಟಕಿಯ ಹತ್ತಿರ ನಿಂತು ಏಳೂ ಜನರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದರು. ತಮ್ಮ ಹರಕು ತೆಲುಗಿನಲ್ಲಿ ಅದೇ ನಾಲ್ಕು ಮಾತು: ನೀರಿಗೆ ಇಳಿದಿದ್ದಿರಿ, ಜ್ವರ ಇದೆಯೇ, ಇಲ್ಲದಿದ್ದರೂ ಇವತ್ತೇ ಡಾಕ್ಟರಿಗೆ ತೋರಿಸಿ, ನೀರಿನ ವಿಷಯ ಮರೆಯದೆ ಹೇಳಿ. ಸುನೀತಾಳಿಗೆ ಮೊದಲು ಮಾಡಿದರು. ಲೋಟದಲ್ಲಿ ಚಹಾ ಕೆನೆಗಟ್ಟಿತು.

ದೊಡ್ಡ ಡಾಕ್ಟರು ಬಂದು, ಇಲಿ ಜ್ವರ ಇರಬೇಕು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವುದು ಬೇಡ, ಔಷಧ ಈಗಲೇ ಹಾಕಿ ಎಂದರು. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ, ಹೊಲದಲ್ಲಿ, ಚರಂಡಿಯಲ್ಲಿ, ಎಮ್ಮೆ ಮಲಗುವ ಕಡೆ, ಗಾಯದೊಳಗಿಂದ ಬರುತ್ತದಂತೆ. “ಈ ಮಾತು ಮೊದಲ ದಿನವೇ ಹೇಳಿದ್ದರೆ,” ಎಂದು ಶುರುಮಾಡಿದವರು ನನ್ನ ಮುಖ ನೋಡಿ ಮುಂದುವರಿಸಲಿಲ್ಲ. ಅದು ಅವರ ದೊಡ್ಡತನ.

ಔಷಧ ಹತ್ತಿತು, ಆದರೆ ಕಿಡ್ನಿ ಏಳಲು ತಡಮಾಡಿತು. ಐದು ಸಲ ಡಯಾಲಿಸಿಸ್ ಆಯಿತು. ನಾಲ್ಕು ತಾಸು ಅಲುಗಾಡದೆ ಮಲಗಬೇಕು, ಕೈಕಾಲಂತೂ ಆಡಿಸಲೇಬಾರದು. ಮೊದಲ ದಿನ ಅರ್ಧ ತಾಸಿಗೇ ನನಗೆ ಎದ್ದು ಓಡಿಹೋಗಬೇಕು ಅನ್ನಿಸಿ ಕೂಗಿಬಿಟ್ಟೆ. ನರ್ಸು ಬೈದಳು. ಆಮೇಲೆ ಮನಸ್ಸಿನಲ್ಲೇ ಉಪ್ಪಲ್‌ನಿಂದ ಸೈಕಲ್ ಹೊರಡಿಸುತ್ತಿದ್ದೆ. ಪ್ರತಿ ಸಲವೂ ಆಲೇರಿನ ಹತ್ತಿರ ಬಂದು ನಿಂತುಬಿಡುತ್ತಿತ್ತು.

ಹೊರಗೆ ಕಾಯುವ ಕೋಣೆಯಲ್ಲಿ ಒಂದು ದಿನ ಗಾಲಿಕುರ್ಚಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ಯಾದಗಿರಿ ಕಡೆಯ ಮಲ್ಲಮ್ಮ. ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆ ಬಂದವರು, ಪಾಯದ ಗುಂಡಿಯಲ್ಲಿ ನಿಂತ ನೀರು ಎತ್ತಿ ಹಾಕುವಾಗ ಗಂಡನಿಗೆ ಇದೇ ಜ್ವರ ಹತ್ತಿತಂತೆ. ಅವನು ಒಳಗಿದ್ದ. ನನ್ನನ್ನು ಕೇಳಿದಳು:

“ನೀವೂ ಬಿಲ್ಡಿಂಗ್ ಕೆಲಸಾನೇನ್ರೀ ಅಕ್ಕೋರೆ?”

“ಅಲ್ಲವ್ವಾ. ಸೈಕಲ್ ಹೊಡಿಯೂ ಮುಂದ ಹಳ್ಳ ದಾಟಿದ್ವಿ.”

“ಯಾತಕ್ಕ? ಆ ಕಡಿ ಏನಿತ್ತು?”

ಸೀಲು ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವಳೇ, “ಆಟಕ್ಕ ಇಳಿದ್ರೇನ್ರಿ ಹಂಗಾದ್ರ,” ಎಂದಳು. ಹಂಗಿಸುವ ದನಿಯಲ್ಲ, ತಿಳಿದುಕೊಳ್ಳುವ ದನಿ. ಆಮೇಲೆ ಸೆರಗಿನ ಗಂಟಿನಿಂದ ಒಂದು ಏಲಕ್ಕಿ ತೆಗೆದು ಕೊಟ್ಟು, ವಾಕರಿಕೆ ಬಂದರೆ ಬಾಯಲ್ಲಿ ಇಟ್ಟುಕೊಳ್ಳಿ ಎಂದಳು. ಅಷ್ಟು ದಿನದಲ್ಲಿ ನನ್ನ ನಾಲಿಗೆಗೆ ರುಚಿ ಹತ್ತಿದ್ದು ಅದೊಂದೇ. ಅವಳ ಗಂಡ ನನಗಿಂತ ಮೊದಲೇ ನಡೆದುಕೊಂಡು ಮನೆಗೆ ಹೋದ, ಅದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ.

ವೆಂಕಟ್ ಸರ್ ಸೇಬು ತಂದರು. ಕೂತರು, ಎದ್ದರು. ಎಲ್ಲರೂ ಫಾರ್ಮಿಗೆ ಸಹಿ ಮಾಡಿದ್ದಾರೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದರು. ಅವರು ಒಳ್ಳೆಯವರು, ಒಳ್ಳೆಯದಕ್ಕೇ ಹೇಳಿದರು. ಆದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಹನಿ ಬಿದ್ದು ಹರಡಿದ ಸುನೀತಾಳ ಸಹಿ. ಅವಳು ಸಹಿ ಮಾಡಿದ್ದು ಮಳೆಗೆ, ಜಾರುವುದಕ್ಕೆ, ಲಾರಿಗೆ. ನನ್ನ ಕೈ ಹಿಡಿಯುವುದಕ್ಕೆ ಅವಳು ಸಹಿ ಮಾಡಿರಲಿಲ್ಲ.

ಅವಳಿಗೂ ಇದೇ ಜ್ವರ. ಬೇಗ ಗೊತ್ತಾದ್ದರಿಂದ ಆಸ್ಪತ್ರೆಯಲ್ಲಿ ಐದು ದಿನಕ್ಕೆ ಮುಗಿಯಿತು, ಕಿಡ್ನಿಗೆ ಏನೂ ಆಗಲಿಲ್ಲ. ಉಳಿದ ಆರು ಜನರಿಗೆ ಏನೂ ಬರಲಿಲ್ಲ. ನಾನು ಕೂರುವಷ್ಟಾದ ದಿನ ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ನಾನು ಬೇಡ ಅಂದಿದ್ದೆ ಅಕ್ಕಾ,” ಎಂದಳು. ಅಷ್ಟೇ ಹೇಳಿ ಇಟ್ಟಳು.

ಹದಿನೆಂಟು ದಿನಕ್ಕೆ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ನಿವಾಳಿಸಿ, ನನ್ನ ಸೈಕಲ್ಲಿಗೂ ಒಂದು ಸುತ್ತು ನಿವಾಳಿಸಿದರು. “ಅದರದೇನು ತಪ್ಪು, ಪಾಪ. ಹೊತ್ತುಕೊಂಡು ಹೋದಾಕಿ ನೀನು,” ಎಂದರು. ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಇವರ ಸಿಟ್ಟು ಹೊರಬಂದದ್ದು ಅದಾಗಿ ಹತ್ತು ದಿನಕ್ಕೆ, ನಾನು ಗಂಜಿ ಸಾಕು ರೊಟ್ಟಿ ಕೊಡಿ ಎಂದು ಜಗಳ ತೆಗೆಯುವಷ್ಟು ಗಟ್ಟಿಯಾದ ಮೇಲೆ.

“ನೀರಿಗೆ ಇಳದದ್ದು ಹೋಗ್ಲಿ. ತಪ್ಪು ಯಾರ ಕೈಲಾದ್ರೂ ಆಕ್ಕೈತಿ. ಫೋನ್‌ನ್ಯಾಗ ರಸ್ತಾ ಒಣಗೇತಿ ಅಂದ್ಯಲ್ಲ, ಅದನ್ನ ನಂಬಿ ನಾ ಡಾಕ್ಟರ್ ಮುಂದ ಸಾಕ್ಷಿ ಹೇಳೀನಿ. ನಿನ್ನ ಮೈಮ್ಯಾಲ ನಾನ ಗಾಡಿ ಹಾಯಿಸಿದಂಗ ಆತಲ್ಲ.”

ಅವರು ಅತ್ತುಬಿಟ್ಟರು. ನನಗೂ ಅಳು ಬಂತು. ತಡೆದುಕೊಳ್ಳುವ ಪ್ರಯತ್ನ ಇಬ್ಬರೂ ಮಾಡಲಿಲ್ಲ. ಸೈಕಲ್ ಬಿಡು ಎಂದು ಅವರು ಕೇಳುತ್ತಾರೆ ಎಂದುಕೊಂಡಿದ್ದೆ, ಕೇಳಲಿಲ್ಲ. “ಎಲ್ಲಿದ್ದಿ ಅಂತ ಕೇಳಿದ್ರ ಇದ್ದದ್ದು ಹೇಳು. ನೀರಿನ ಈ ಕಡೆ ಅದೀಯೋ ಆ ಕಡೆ ಅದೀಯೋ. ಅಷ್ಟು ಹೇಳು ಸಾಕು,” ಎಂದರು.

ಈಗ ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇನೆ. ಉಪ್ಪು ಕಡಿಮೆ. ಲ್ಯಾಬಿನ ಬೆಂಚಿನ ಮೇಲೆ ಕಾಗದ ಬರುವವರೆಗೆ ಹತ್ತು ಸಲ ಎದ್ದು ಕೂರುತ್ತೇನೆ. ಕಾಗದ ಕೈಗೆ ಬಂದಮೇಲೂ ಬಿಚ್ಚಲು ಧೈರ್ಯ ಸಾಲದೆ ಇವರಿಗೆ ಕೊಡುತ್ತೇನೆ. ಸಣ್ಣ ಮಳೆ ಬಂದರೆ ಎದೆ ಡವಗುಟ್ಟುತ್ತದೆ. ಈ ಕಾಯಿಲೆ ಬಂದುಹೋದವರಿಗೆ ಹೀಗೆ ಆಗುತ್ತಿದ್ದರೆ, ನಿಮ್ಮೊಬ್ಬರಿಗೇ ಅಲ್ಲ ಎಂದು ತಿಳಿಯಿರಿ.

ಬಳಗದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಮಳೆಗಾಲದಲ್ಲಿ ಸವಾರಿಯೇ ಬೇಡ ಎಂದು ಕೆಲವರು, ಹಾಗಾದರೆ ಮನೆಯಲ್ಲಿ ಹಪ್ಪಳ ಕರಿಯಿರಿ ಎಂದು ಕೆಲವರು. ನನ್ನ ಬೆಲ್ಲದ ಮಾತನ್ನು ಯಾರೋ ಹುಡುಕಿ ತೆಗೆದು ಮತ್ತೆ ಹಾಕಿದರು. ‘ಹೌದು, ನಾನು ಕರಗಿದೆ’ ಎಂದು ಅದರ ಕೆಳಗೆ ಬರೆದೆ. ಕೊನೆಗೆ ಇವರ ರೈಲ್ವೆ ಪದ್ಧತಿಯನ್ನೇ ತಂದೆವು. ಈಗ ಮಳೆಗಾಲದಲ್ಲಿ ಹೊರಡುವ ಮೊದಲು ಎಲ್ಲರಿಗೂ ಒಂದು ಚೀಟಿ: ಯಾವ ಹಳ್ಳ ಉಕ್ಕಬಹುದು, ಎಲ್ಲಿ ಪಟ್ಟೆ ಜಾರುತ್ತದೆ, ಎಲ್ಲಿಂದ ಹಿಂದಿರುಗಬೇಕು. ಓದಿ ಸಹಿ ಮಾಡಬೇಕು. ರಸ್ತೆಯ ಮೇಲೆ ನೀರಿದ್ದರೆ ಅಲ್ಲಿಗೆ ಮುಗಿಯಿತು. ಸೀಲೂ ಇಲ್ಲ, ಅವಮಾನವೂ ಇಲ್ಲ. ಮೊದಲ ಚೀಟಿಯನ್ನು ಇವರೇ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು.

ಈ ಶ್ರಾವಣದಲ್ಲಿ ಡಾಕ್ಟರ ಒಪ್ಪಿಗೆ ಪಡೆದು ಮತ್ತೆ ಹೊರಟೆ. ಅದೇ ದಾರಿ, ಆಲೇರಿನ ಹತ್ತಿರ ಹೆದ್ದಾರಿ ಬಿಟ್ಟು ಅದೇ ಹಳ್ಳಿ ರಸ್ತೆ, ಈ ಸಲ ಇನ್‌ಚಾರ್ಜ್ ಬೇರೆಯವರು. ಉಪ್ಪಲ್‌ನಲ್ಲಿ ನೋಡಿದರೆ ಸುನೀತಾ ನಿಂತಿದ್ದಳು. ವರ್ಷದಲ್ಲಿ ನಾವು ಆಗೊಮ್ಮೆ ಈಗೊಮ್ಮೆ ಹಬ್ಬದ ಶುಭಾಶಯ ಬಿಟ್ಟರೆ ಮಾತಾಡಿರಲಿಲ್ಲ. ತಲೆಯಾಡಿಸಿದಳು. ಈ ಸಲ ನನ್ನ ಹಿಂದೆ ಬರಲಿಲ್ಲ, ಪಕ್ಕದಲ್ಲಿ ಬಂದಳು.

ಆಲೇರು ದಾಟುವಾಗ ಮಳೆ ಹಿಡಿಯಿತು. ಹಳ್ಳದ ಹತ್ತಿರ ಬಂದಾಗ ಸೇತುವೆಯ ಮೇಲೆ ನೀರು. ಮೊಣಕಾಲುದ್ದವೇನಲ್ಲ, ಪಾದ ಮುಳುಗುವಷ್ಟು. ಕೆಳಗಿನ ಸಿಮೆಂಟು ಕಾಣುತ್ತಿತ್ತು. ಆಚೆ ದಂಡೆಯಲ್ಲಿ ಅದೇ ಹೋಟೆಲು, ಅದೇ ಹೊಗೆ, ಅಲ್ಲಿ ಸೀಲು ಹಿಡಿದು ಕೂತ ನಮ್ಮವರೊಬ್ಬರು ಕೈ ಬೀಸುತ್ತಿದ್ದರು, ಬನ್ನಿ ಎಂದೋ ಬೇಡ ಎಂದೋ ತಿಳಿಯುವಂತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ದಾಟಬೇಕು ಅನ್ನಿಸಿತು. ಅಷ್ಟೆಲ್ಲ ಆದ ಮೇಲೂ, ಕಿಸೆಯಲ್ಲಿ ಇವರ ಅಕ್ಷರದ ಚೀಟಿ ಇಟ್ಟುಕೊಂಡೂ, ಅನ್ನಿಸಿತು. ಪಾದದಷ್ಟು ನೀರು, ಇಪ್ಪತ್ತು ಹೆಜ್ಜೆ, ಗಾಯವೂ ಇಲ್ಲ. ಸೈಕಲ್ಲಿನಿಂದ ಇಳಿದು ಒಂದು ಹೆಜ್ಜೆ ಮುಂದಿಟ್ಟೆ.

“ವದ್ದಕ್ಕಾ,” ಎಂದಳು ಸುನೀತಾ.

ತಿರುಗಿ ನೋಡಿದೆ. ಅವಳು ಕೈ ಚಾಚಿ ನಿಂತಿದ್ದಳು.

ಅವಳ ಕೈ ಹಿಡಿದುಕೊಂಡೆ. ಇಬ್ಬರೂ ದಂಡೆಯಿಂದ ಮೇಲಕ್ಕೆ ಬಂದು, ಒಂದು ಬೇವಿನ ಮರದ ಕೆಳಗೆ ಸೈಕಲ್ ಒರಗಿಸಿ ನಿಂತೆವು. ಅಷ್ಟರಲ್ಲಿ ಫೋನ್ ಬಂತು.

“ಎಲ್ಲಿದ್ದಿ?”

“ನೀರಿನ ಈ ಕಡೆ ಅದೀನ್ರಿ,” ಎಂದೆ.